ಎಣ್ಣೆಯ ಪರಿಮಳವೂ ಲೇಬಲ್ಲಿನ ಬರಹವೂ

(ಸಂಘದ ಉಚಿತ ವಾಚನಾಲಯದ ಮಾಸಿಕ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಂಜೆಗೆ ಆರಿಸಿಕೊಂಡಿರುವ ವಿಷಯವನ್ನು ಫಲಕದಲ್ಲಿ ಓದಿ ಕೆಲವರು ನಕ್ಕರಂತೆ. "ಟ್ರಫಲ್ ಎಣ್ಣೆ ಎಂದರೇನು? ನಮಗೂ ಅದಕ್ಕೂ ಏನು ಸಂಬಂಧ? ತಿಂಗಳ ಕೊನೆಗೆ ಶೇಂಗಾ ಎಣ್ಣೆ ಕೊಳ್ಳುವುದೇ ಕಷ್ಟ" ಎಂದು ಒಬ್ಬರು ಕೇಳಿದರೆಂದು ಕಾರ್ಯದರ್ಶಿಗಳು ತಿಳಿಸಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ವಿಷಯವನ್ನು ಕೇಳಿದವರೂ ನಮ್ಮವರೇ. ಮುಂಬಯಿಯ ದೊಡ್ಡ ಹೋಟೆಲುಗಳ ಅಡುಗೆಮನೆಗಳಲ್ಲಿ ಉಡುಪಿ, ಕುಂದಾಪುರ, ಮಂಗಳೂರು ಕಡೆಯ ಹುಡುಗರು ಎಷ್ಟು ಮಂದಿ ದುಡಿಯುತ್ತಿದ್ದಾರೆಂಬುದು ತಮಗೆ ಗೊತ್ತು. ಅಂಥವರಲ್ಲಿ ಇಬ್ಬರು ವಾಚನಾಲಯಕ್ಕೆ ಬಂದಾಗ ಕೇಳಿದ ಪ್ರಶ್ನೆಗಳು ಇವು: ಈ ಸೀಸೆಯಲ್ಲಿರುವುದು ನಿಜವಾಗಿ ಏನು? ಅದು ದೇಹಕ್ಕೆ ಕೆಟ್ಟದ್ದೋ? ಕಾಯಿದೆ ಅದಕ್ಕೆ ಏನು ಹೇಳುತ್ತದೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ನಾವು ಕೊನೆಗೆ ನಮ್ಮ ನಮ್ಮ ಒಲೆಯ ಪಕ್ಕದ ಎಣ್ಣೆಯ ಡಬ್ಬಿಗೇ ಬಂದು ನಿಲ್ಲುತ್ತೇವೆ. ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥನೆ.

ನೆಲದೊಳಗಿನ ಅಣಬೆ

ಟ್ರಫಲ್ ಎಂಬುದು ಒಂದು ಬಗೆಯ ಅಣಬೆ. ಆದರೆ ನಾವು ಕಂಡ ಅಣಬೆಗಳಂತೆ ಅದಕ್ಕೆ ಕೊಡೆಯಿಲ್ಲ, ಕಾಲಿಲ್ಲ. ಅದು ನೆಲದೊಳಗೆ, ಓಕ್, ಹೇಝಲ್ ಮೊದಲಾದ ಮರಗಳ ಬೇರನ್ನು ಆಶ್ರಯಿಸಿ, ಆಲೂಗಡ್ಡೆಯಂತೆ ಉಂಡೆಯಾಗಿ ಬೆಳೆಯುತ್ತದೆ. ಇಟಲಿಯ ಪೀಡ್‌ಮಾಂಟ್ ಪ್ರಾಂತದ ಆಲ್ಬಾ ಊರಿನ ಸುತ್ತಲಿನ ಬಿಳಿ ಟ್ರಫಲ್ಲೂ ಫ್ರಾನ್ಸಿನ ಪೆರಿಗಾರ್ ಸೀಮೆಯ ಹೆಸರು ಹೊತ್ತ ಕಪ್ಪು ಟ್ರಫಲ್ಲೂ ಬಹಳ ಪ್ರಸಿದ್ಧ. ಮೇಲೆ ಕಾಣದ ಇದನ್ನು ವಾಸನೆಯಿಂದಲೇ ಪತ್ತೆ ಹಚ್ಚಬೇಕು. ಹಿಂದೆ ಹಂದಿಗಳನ್ನು ಬಿಟ್ಟು ಹುಡುಕಿಸುತ್ತಿದ್ದರು. ಈಗ ಪಳಗಿಸಿದ ನಾಯಿಗಳನ್ನು ಬಳಸುತ್ತಾರೆ.

ಕರಾವಳಿಯವರಿಗೆ ಇದು ತೀರ ಅಪರಿಚಿತವಾದ ಮಾತಲ್ಲ. ಮುಂಗಾರಿನ ಮೊದಲ ಮಳೆ ಬಿದ್ದಾಗ ಮರಗಳ ಬುಡದಲ್ಲಿ ಮಣ್ಣು ಕೆದಕಿ ತೆಗೆಯುವ ಕಲ್ಲಣಬೆಯನ್ನು, ತುಳುವಿನಲ್ಲಿ ಕಲ್ಲಲಂಬು ಎನ್ನುವುದನ್ನು, ತಾವು ಬಲ್ಲಿರಿ. ಅದೂ ಮರದ ಬೇರಿನ ಗೆಳೆತನದಲ್ಲಿ ಮಣ್ಣೊಳಗೆ ಉಂಡೆಯಾಗಿ ಹುಟ್ಟುವಂಥದೇ. ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಕುಲದವು. ಆದರೆ ಹುಡುಕುವವನ ಕಷ್ಟ, ಕೆಲವೇ ವಾರಗಳ ಫಸಲು, ಸಂತೆಯಲ್ಲಿ ಏರುವ ಬೆಲೆ ಇವೆಲ್ಲ ಒಂದೇ ಜಾತಿ. ಬೆಲೆಯಲ್ಲಿ ಮಾತ್ರ ಭೂಮಿ ಆಕಾಶದ ಅಂತರ. ಒಳ್ಳೆಯ ಬಿಳಿ ಟ್ರಫಲ್ ಕಿಲೋ ಒಂದಕ್ಕೆ ಲಕ್ಷಾಂತರ ರೂಪಾಯಿಗೆ ಮಾರಾಟವಾಗುತ್ತದೆ.

ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಟ್ರಫಲ್ಲಿನ ಹೆಚ್ಚುಗಾರಿಕೆ ಇರುವುದು ಅದರ ಪರಿಮಳದಲ್ಲಿ; ಆ ಪರಿಮಳ ಬೇಗ ಹಾರಿಹೋಗುವಂಥದು. ಕಿತ್ತ ಕೆಲವೇ ದಿನಗಳಲ್ಲಿ ಅದು ಕುಂದುತ್ತದೆ, ಬಿಸಿಮಾಡಿದರೆ ಇನ್ನೂ ಬೇಗ ಹೋಗುತ್ತದೆ. ಅದನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟು ತಿಂಗಳುಗಟ್ಟಲೆ ಅದೇ ಘಾಟಿನಲ್ಲಿ ಉಳಿಸಿಕೊಳ್ಳುವುದು ಸುಲಭದ ಕೆಲಸವಲ್ಲ.

ಸೀಸೆಯೊಳಗಿನ ಲೆಕ್ಕ

ಇಲ್ಲಿ ಕಚೇರಿಗಳಲ್ಲಿ ಲೆಕ್ಕ ಬರೆಯುವವರು ಅನೇಕರಿದ್ದೀರಿ. ಒಂದು ಸಣ್ಣ ಲೆಕ್ಕ ಮಾಡೋಣ. ಟ್ರಫಲ್ಲಿನ ಬೆಲೆ ಕಿಲೋಗೆ ೩ ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳಿ. ಗ್ರಾಮಿಗೆ ೩೦೦ ರೂಪಾಯಿ ಆಯಿತು. ಸೀಸೆಯ ಬೆಲೆ ೧೨೦೦ ರೂಪಾಯಿ ಎಂದಿರಲಿ. ಎಣ್ಣೆಗೆ, ಗಾಜಿಗೆ, ಹಡಗಿನ ಬಾಡಿಗೆಗೆ, ಸುಂಕಕ್ಕೆ, ಅಂಗಡಿಯವನ ಲಾಭಕ್ಕೆ ಒಂದು ಕಾಸನ್ನೂ ತೆಗೆದಿಡದೆ ಎಲ್ಲವನ್ನೂ ಟ್ರಫಲ್ಲಿಗೇ ಸುರಿದರೂ ೪ ಗ್ರಾಮಿನ ಮೇಲೆ ಹೋಗುವಂತಿಲ್ಲ. ಆದರೂ ಸೀಸೆಯ ಬಿರಡೆ ತೆಗೆದರೆ ಕೋಣೆಯೆಲ್ಲ ಘಮಘಮಿಸುತ್ತದೆ. ಎಲ್ಲಿಂದ ಬಂತು ಆ ವಾಸನೆ?

ಬಂದದ್ದು ರಸಾಯನಶಾಲೆಯಿಂದ. ಬಿಳಿ ಟ್ರಫಲ್ಲಿನ ಪರಿಮಳದಲ್ಲಿ ಹಲವು ವಸ್ತುಗಳಿದ್ದರೂ ಮುಖ್ಯವಾದದ್ದು ಗಂಧಕ ಸೇರಿದ ಒಂದು ಸಂಯುಕ್ತ. ಅದರ ಹೆಸರು ೨,೪-ಡೈಥಯಾಪೆಂಟೇನ್. ಅದನ್ನು ಕಾರ್ಖಾನೆಯಲ್ಲಿ ಅಗ್ಗವಾಗಿ ತಯಾರಿಸಬಹುದು. ಆಲಿವ್ ಎಣ್ಣೆಗೋ ಸೂರ್ಯಕಾಂತಿ ಎಣ್ಣೆಗೋ ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿದರೆ ಟ್ರಫಲ್ ಎಣ್ಣೆ ಸಿದ್ಧ. ಸೀಸೆಯ ತಳದಲ್ಲಿ ಒಂದು ಕಪ್ಪು ಚೂರು ಮಲಗಿದ್ದರೆ ಅದು ಬಹುಮಟ್ಟಿಗೆ ನೋಟಕ್ಕೆ ಇಟ್ಟದ್ದು. ೨೦೦೭ರಲ್ಲಿ ಅಮೆರಿಕದ ಬಾಣಸಿಗ ಡೇನಿಯಲ್ ಪ್ಯಾಟರ್ಸನ್ ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಈ ಗುಟ್ಟನ್ನು ಬಯಲಿಗೆ ತಂದು ಬರೆದಾಗ ಬಹಳ ಮಂದಿ ಬೆರಗಾದರು. ವೃತ್ತಿಯ ಅಡುಗೆಯವರಿಗೇ ಅದು ತಿಳಿದಿರಲಿಲ್ಲವೆಂದ ಮೇಲೆ ಊಟಕ್ಕೆ ಕೂತ ಗಿರಾಕಿಯ ಪಾಡೇನು?

ವಿಷವೋ, ವಂಚನೆಯೋ?

ಹಾಗಾದರೆ ಇದು ವಿಷವೆ? ನ್ಯಾಯವಾಗಿ ಹೇಳಬೇಕಾದರೆ, ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಆಹಾರ ಮತ್ತು ಕೃಷಿ ಸಂಸ್ಥೆಯೂ ಕೂಡಿ ನಡೆಸುವ ತಜ್ಞರ ಸಮಿತಿಯು ಈ ಸಂಯುಕ್ತವನ್ನು ಪರಿಶೀಲಿಸಿ, ಸುವಾಸನೆಗಾಗಿ ಬಳಸುವ ಪ್ರಮಾಣದಲ್ಲಿ ಅದರಿಂದ ಆತಂಕವಿಲ್ಲವೆಂದು ಹೇಳಿದೆ. "ರಾಸಾಯನಿಕ" ಎಂಬ ಶಬ್ದ ಕೇಳಿದೊಡನೆ ಬೆದರಬೇಕಾಗಿಲ್ಲ. ನಾವು ತಿನ್ನುವ ಐಸ್‌ಕ್ರೀಮಿನ ವೆನಿಲಾ ವಾಸನೆಯೂ ಬಹುಪಾಲು ಕಾರ್ಖಾನೆಯಲ್ಲಿ ಹುಟ್ಟಿದ್ದೇ.

ಆದರೆ ವಿಷವಲ್ಲದ್ದೆಲ್ಲ ಸಾಚಾ ಎಂದೂ ಅಲ್ಲ. ಗಿರಾಕಿ ಹಣ ಕೊಟ್ಟದ್ದು ಟ್ರಫಲ್ಲಿಗೆ. ಸಿಕ್ಕಿದ್ದು ಟ್ರಫಲ್ಲಿನ ವಾಸನೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಮಾರುವವನು ಸ್ಪಷ್ಟವಾಗಿ ಹೇಳಿದರೆ ಅದು ವ್ಯಾಪಾರ, ಮುಚ್ಚಿಟ್ಟರೆ ಮೋಸ. ಕಾಯಿದೆ ಮೂಗು ತೂರಿಸುವುದು ಈ ಸ್ಥಳದಲ್ಲಿ.

ಯುರೋಪಿನ ದೇಶಗಳ ಒಕ್ಕೂಟವು ೨೦೦೮ರಲ್ಲಿ ಮಾಡಿದ ಸುವಾಸನೆಗಳ ನಿಯಮದಲ್ಲಿ ಒಂದು ಗೆರೆ ಎಳೆದಿದೆ. "ಟ್ರಫಲ್ಲಿನ ಸಹಜ ಸುವಾಸನೆ" ಎಂದು ಬರೆಯಬೇಕಾದರೆ ಆ ಸುವಾಸನೆಯ ಅಂಶದಲ್ಲಿ ತೂಕದ ನೂರಕ್ಕೆ ೯೫ ಪಾಲಾದರೂ ಟ್ರಫಲ್ಲಿನಿಂದಲೇ ಬಂದಿರಬೇಕು. ಇಲ್ಲದಿದ್ದರೆ ಹಾಗೆ ಬರೆಯುವಂತಿಲ್ಲ. ಹಾಗಾಗಿ ಯುರೋಪಿನ ಸೀಸೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರಿಯ "ಅರೋಮಾ", "ಫ್ಲೇವರಿಂಗ್" ಎಂದಿದ್ದರೆ, ಮುಂಬದಿಯ ದೊಡ್ಡ ಚಿತ್ರ ಏನೇ ಹೇಳಲಿ, ವಿಷಯ ಅರ್ಥವಾಯಿತೆಂದೇ ತಿಳಿಯಿರಿ.

ನಮ್ಮ ದೇಶದಲ್ಲಿ ೧೯೫೪ರ ಆಹಾರ ಕಲಬೆರಕೆ ತಡೆ ಕಾಯಿದೆ ಬಹುಕಾಲ ನಡೆಯಿತು. ಅದರ ಜಾಗಕ್ಕೆ ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂತು. ಅದರ ನಿಯಮಾವಳಿಗಳು ೨೦೧೧ರ ಆಗಸ್ಟಿನಿಂದ ಜಾರಿಯಲ್ಲಿವೆ. ಇದರ ಪ್ರಕಾರ ಸುವಾಸನೆಗಳಲ್ಲಿ ಮೂರು ಬಗೆ. ಸಹಜವಾದದ್ದು ಒಂದು. ನಿಸರ್ಗದಲ್ಲಿರುವ ವಸ್ತುವನ್ನೇ ಹೋಲುವಂತೆ ಕಾರ್ಖಾನೆಯಲ್ಲಿ ತಯಾರಿಸಿದ್ದು ಇನ್ನೊಂದು. ಇದನ್ನು ನಿಸರ್ಗಸದೃಶ ಎನ್ನಬಹುದು, ಲೇಬಲ್ಲಿನಲ್ಲಿ "ನೇಚರ್ ಐಡೆಂಟಿಕಲ್" ಎಂದಿರುತ್ತದೆ. ನಿಸರ್ಗದಲ್ಲಿ ಇಲ್ಲದ ಕೃತಕ ಸುವಾಸನೆ ಮೂರನೆಯದು. ಯಾವುದನ್ನು ಸೇರಿಸಿದೆಯೆಂದು ಲೇಬಲ್ಲಿನಲ್ಲಿ ಹೇಳಲೇಬೇಕು. ಒಳಗಿರುವ ಪದಾರ್ಥಗಳನ್ನು ಹೆಚ್ಚು ಪ್ರಮಾಣದ್ದು ಮೊದಲು, ಕಡಿಮೆಯದು ಕೊನೆಗೆ ಎಂಬ ಕ್ರಮದಲ್ಲೇ ಬರೆಯಬೇಕು. ಹೊರದೇಶದಿಂದ ತಂದ ಸರಕಾದರೆ ಆಮದು ಮಾಡಿದವನ ಹೆಸರು ವಿಳಾಸ ಇರಬೇಕು. ೧೪ ಅಂಕಿಗಳ ಲೈಸೆನ್ಸ್ ನಂಬರು ಇರಬೇಕು. ತಪ್ಪು ಲೇಬಲ್ಲಿನ ಸರಕು ಮಾರಿದವನಿಗೆ ೩ ಲಕ್ಷ ರೂಪಾಯಿಯವರೆಗೂ ದಂಡ ಹಾಕಬಹುದು.

ಇನ್ನು ನಾವು ದಿನವೂ ಬಳಸುವ ಎಣ್ಣೆಗಳಿಗೆ ಬಂದರೆ ಕಾಯಿದೆ ಇನ್ನೂ ಬಿಗಿ. ಶೇಂಗಾ, ಕೊಬ್ಬರಿ, ಎಳ್ಳು, ಸಾಸಿವೆ ಎಣ್ಣೆಗಳ ಮಾನದಂಡದಲ್ಲಿ ಹೀಗಿದೆ: ಎಣ್ಣೆ ತಿಳಿಯಾಗಿರಬೇಕು, ಕನಲು ಹಿಡಿದಿರಬಾರದು, ಹೊರಗಿನ ಬಣ್ಣ, ಹೊರಗಿನ ಸುವಾಸನೆ, ಖನಿಜ ತೈಲ ಯಾವುದೂ ಬೆರೆತಿರಬಾರದು. ಅಂದರೆ ಅಗ್ಗದ ತಾಳೆ ಎಣ್ಣೆಗೆ ಶೇಂಗಾದ ಎಸೆನ್ಸು ಹನಿಸಿ "ಶುದ್ಧ ಶೇಂಗಾ ಎಣ್ಣೆ" ಎಂದು ಮಾರಿದರೆ ಅದು ಟ್ರಫಲ್ ಎಣ್ಣೆಯಂತೆ ಬರಿಯ ಜಾಣತನವಲ್ಲ, ನೇರವಾದ ಅಪರಾಧ. ಎರಡು ಖಾದ್ಯ ತೈಲಗಳನ್ನು ಬೆರೆಸಿ ಮಾರಲು ಅವಕಾಶವುಂಟು. ಆದರೆ ಪ್ರತಿಯೊಂದೂ ತೂಕದಲ್ಲಿ ನೂರಕ್ಕೆ ೨೦ಕ್ಕೆ ಕಡಿಮೆಯಿರಕೂಡದು, ಬೆರಕೆಯೆಂದು ಬರೆದಿರಲೂ ಬೇಕು.

ವಾಸನೆಯಿಂದ ಮೋಸವಾಗಬಾರದೆಂಬ ಎಚ್ಚರ ನಮ್ಮ ಹಳೆಯ ನಿಯಮಗಳಲ್ಲೇ ಇತ್ತು. ವನಸ್ಪತಿಗೆ ಸುವಾಸನೆ ಸೇರಿಸುವುದಾದರೆ ಅದು ತುಪ್ಪದ ವಾಸನೆಗಿಂತ ಬೇರೆಯಾಗಿರಬೇಕೆಂದು ವಿಧಿಸಿದ್ದರು. ಅಷ್ಟೇ ಅಲ್ಲ, ವನಸ್ಪತಿಯಲ್ಲಿ ನೂರಕ್ಕೆ ೫ ಪಾಲು ಎಳ್ಳೆಣ್ಣೆ ಇರಲೇಬೇಕೆಂದೂ ಮಾಡಿದ್ದರು. ಏಕೆ ಗೊತ್ತೆ? ಎಳ್ಳೆಣ್ಣೆಯಿದ್ದರೆ ಒಂದು ಆಮ್ಲಪರೀಕ್ಷೆಯಲ್ಲಿ ಕೆಂಪು ಬಣ್ಣ ಮೂಡುತ್ತದೆ. ತುಪ್ಪಕ್ಕೆ ವನಸ್ಪತಿ ಬೆರೆಸಿದವನು ಆ ಕೆಂಪಿನಿಂದಲೇ ಸಿಕ್ಕಿಬೀಳುತ್ತಿದ್ದ. ಕಳ್ಳನ ಜೇಬಿನಲ್ಲೇ ಗೆಜ್ಜೆ ಕಟ್ಟಿದ ಉಪಾಯವಿದು.

ಮನೆಯಲ್ಲಿ ಮಾಡಿದರೆ ಸುರಕ್ಷಿತವೆ?

ಈಗ ಕೆಲವರು ಹೇಳಬಹುದು: "ಸೀಸೆಯ ಗೊಡವೆಯೇ ಬೇಡ. ಬೆಳ್ಳುಳ್ಳಿಯನ್ನೋ ಹಸಿ ಮಸಾಲೆ ಸೊಪ್ಪನ್ನೋ ಎಣ್ಣೆಯಲ್ಲಿ ನೆನೆಹಾಕಿ ನಾವೇ ಪರಿಮಳದ ಎಣ್ಣೆ ಮಾಡಿಕೊಂಡರಾಯಿತು." ಇಲ್ಲಿ ದಯವಿಟ್ಟು ಗಮನವಿಟ್ಟು ಕೇಳಬೇಕು. ಇಂದಿನ ಮಾತಿನಲ್ಲಿ ಪ್ರಾಣಕ್ಕೆ ಸಂಬಂಧಪಟ್ಟ ಮೊದಲ ಸಂಗತಿ ಇದು.

ಮಣ್ಣಿನಲ್ಲಿ ಬಾಟ್ಯುಲಿಸಂ ಎಂಬ ರೋಗವನ್ನು ತರುವ ಒಂದು ಸೂಕ್ಷ್ಮಜೀವಿ ಇದೆ. ಅದರ ಬೀಜಾಣುಗಳು ಬೆಳ್ಳುಳ್ಳಿ, ಗೆಡ್ಡೆ, ಅಣಬೆಗಳಿಗೆ ಅಂಟಿಕೊಂಡಿರುವುದುಂಟು. ಗಾಳಿಯಾಡುವಲ್ಲಿ ಅದು ಬೆಳೆಯದು. ಗಾಳಿಯಿಲ್ಲದೆ, ಹುಳಿಯಿಲ್ಲದೆ, ಸ್ವಲ್ಪ ತೇವ ಮತ್ತು ಬೆಚ್ಚಗಿನ ಹವೆ ಸಿಕ್ಕರೆ ಬೆಳೆದು ಭಯಂಕರ ವಿಷವನ್ನು ಉಂಟುಮಾಡುತ್ತದೆ. ಹಸಿ ಬೆಳ್ಳುಳ್ಳಿಯ ಎಸಳನ್ನು ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟರೆ ಈ ನಾಲ್ಕೂ ಅನುಕೂಲಗಳನ್ನು ನಾವೇ ಒದಗಿಸಿದಂತಾಯಿತು. ಎಣ್ಣೆ ಗಾಳಿಯನ್ನು ತಡೆಯಿತು, ಎಸಳು ತೇವ ಕೊಟ್ಟಿತು, ಹುಳಿ ಮೊದಲೇ ಇರಲಿಲ್ಲ, ಒಲೆ ಬೆಚ್ಚಗಿಟ್ಟಿತು.

೧೯೮೫ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಒಂದೇ ಹೋಟೆಲಿನಲ್ಲಿ ಉಂಡ ೩೬ ಜನ ಹೀಗೆ ಕಾಯಿಲೆ ಬಿದ್ದರು. ಕಾರಣ, ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯ ಸೀಸೆಯನ್ನು ತಣ್ಣಗಿನ ಪೆಟ್ಟಿಗೆಯಲ್ಲಿಡದೆ ಹೊರಗಿಟ್ಟಿದ್ದು. ೧೯೮೯ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮತ್ತೆ ಮೂವರಿಗೆ ಹೀಗೆಯೇ ಆಯಿತು. ಆ ಮೇಲೆ ಅಮೆರಿಕದ ಸರಕಾರ ಎಣ್ಣೆಯಲ್ಲಿನ ಬೆಳ್ಳುಳ್ಳಿಗೆ ಹುಳಿ ಸೇರಿಸುವುದು ಮೊದಲಾದ ರಕ್ಷಣೆಯನ್ನು ಕಡ್ಡಾಯ ಮಾಡಿತು. ಈ ವಿಷಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಮೂಗು ಇಲ್ಲಿ ಕೈಕೊಡುತ್ತದೆ. ಉಂಡ ಮರುದಿನದ ಹೊತ್ತಿಗೆ ಕಣ್ಣು ಮಂಜಾಗಿ ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ನಾಲಿಗೆ ತೊದಲುವುದು, ನುಂಗಲು ಆಗದಿರುವುದು, ಆಮೇಲೆ ತೋಳು ಕಾಲುಗಳ ಶಕ್ತಿ ಉಡುಗುವುದು, ಇವು ಲಕ್ಷಣಗಳು. ಕಂಡರೆ ಕಷಾಯ ಕುಡಿಸುತ್ತ ಕೂರದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಉಸಿರಾಟ ನಿಲ್ಲುವ ಅಪಾಯವಿದೆ.

"ಹಾಗಾದರೆ ನಮ್ಮ ಉಪ್ಪಿನಕಾಯಿ?" ಎಂದು ತಾಯಂದಿರು ಗಾಬರಿಯಾಗಬೇಕಾಗಿಲ್ಲ. ಉಪ್ಪಿನಕಾಯಿಯನ್ನು ಕಾಯುವುದು ಎಣ್ಣೆಯಲ್ಲ. ಮಾವಿನ, ನಿಂಬೆಯ ಹುಳಿ ಮತ್ತು ಧಾರಾಳವಾದ ಉಪ್ಪು. ಹುಳಿಯನ್ನು ಅಳೆಯುವ ಅಂಕಿಯೊಂದಿದೆ, ಅದು ೪.೬ಕ್ಕಿಂತ ಕೆಳಗಿದ್ದರೆ, ಎಂದರೆ ಸಾಕಷ್ಟು ಹುಳಿಯಿದ್ದರೆ, ಈ ಜೀವಿ ಬೆಳೆಯಲಾರದು. ಉಪ್ಪು ಹುಳಿ ಕಡಿಮೆ ಮಾಡಿ ಎಣ್ಣೆ ಹೆಚ್ಚು ಸುರಿದರೆ ಉಪ್ಪಿನಕಾಯಿ ಉಳಿಯುತ್ತದೆಂಬ ಹೊಸ ಹವ್ಯಾಸ ಮಾತ್ರ ಒಳ್ಳೆಯದಲ್ಲ. ಒಗ್ಗರಣೆಯ ಬೆಳ್ಳುಳ್ಳಿಯನ್ನು ಆಗಲೇ ಕಾಯಿಸಿ ಆಗಲೇ ಉಣ್ಣುವುದರಿಂದ ಅದರ ಭಯವಿಲ್ಲ. ಹಸಿ ಬೆಳ್ಳುಳ್ಳಿಯ ಎಣ್ಣೆ ಬೇಕೇ ಬೇಕೆಂದರೆ ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು, ನಾಲ್ಕು ದಿನದಲ್ಲಿ ಮುಗಿಸಿ, ಉಳಿದರೆ ಚೆಲ್ಲಿಬಿಡಿ.

ಇಲ್ಲಿ ಒಂದು ವಿನೋದವನ್ನು ಗಮನಿಸಿರಿ. ನಿಜವಾದ ಹಸಿ ಟ್ರಫಲ್ಲನ್ನು ಎಣ್ಣೆಯಲ್ಲಿ ಹಾಕಿ ಹೊರಗಿಟ್ಟರೆ ಈ ಅಪಾಯವುಂಟು. ಅದೂ ಮಣ್ಣಿನ ಮಗನೇ. ತೇವದ ಚೂರೇ ಇಲ್ಲದ, ಬರಿಯ ಕಾರ್ಖಾನೆಯ ಸುವಾಸನೆಯ ಎಣ್ಣೆಗೆ ಆ ಅಪಾಯವಿಲ್ಲ. ಸಹಜವಾದದ್ದೆಲ್ಲ ಸುರಕ್ಷಿತ, ಕೃತಕವಾದದ್ದೆಲ್ಲ ಕೇಡು ಎಂಬ ಸುಲಭದ ಸೂತ್ರ ಆಹಾರದ ವಿಷಯದಲ್ಲಿ ನಡೆಯುವುದಿಲ್ಲ. ಏನು, ಎಲ್ಲಿಂದ, ಹೇಗೆ ಇಟ್ಟದ್ದು ಎಂದು ಒಂದೊಂದಾಗಿ ಕೇಳಲೇಬೇಕು.

ಹೆಸರಿಲ್ಲದ ಎಣ್ಣೆ

ಇನ್ನು ಎರಡನೆಯ ಪ್ರಾಣಾಂತಿಕ ಸಂಗತಿ. ಟ್ರಫಲ್ ಎಣ್ಣೆಯಲ್ಲಿ ಹಣವಂತನ ಜೇಬಿಗೆ ಕತ್ತರಿ ಬೀಳುತ್ತದೆ. ಹೆಸರಿಲ್ಲದ ಎಣ್ಣೆಯಲ್ಲಿ ಬಡವನ ಪ್ರಾಣಕ್ಕೇ ಸಂಚಕಾರ. ನಾಲ್ಕು ಊರುಗಳ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ.

೧೯೫೯ರಲ್ಲಿ ಮೊರಾಕ್ಕೋ ದೇಶದ ಮೆಕ್ನೆಸ್ ಊರಿನ ಸುತ್ತ ಸುಮಾರು ೧೦,೦೦೦ ಜನರ ಕೈಕಾಲುಗಳು ಇದ್ದಕ್ಕಿದ್ದಂತೆ ಸೋತವು. ಸೈನ್ಯದ ವಿಮಾನನೆಲೆಯಿಂದ ಹರಾಜಾದ ಯಂತ್ರದ ಎಣ್ಣೆಯನ್ನು ವ್ಯಾಪಾರಿಗಳು ಅಡುಗೆ ಎಣ್ಣೆಗೆ ಬೆರೆಸಿ ಮಾರಿದ್ದರು. ಅದರಲ್ಲಿದ್ದ ಕ್ರೆಸಿಲ್ ಫಾಸ್ಫೇಟ್ ನರಗಳನ್ನು ಕೆಡಿಸಿತ್ತು.

೧೯೮೧ರ ಮೇ ತಿಂಗಳಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದ ಹೊರವಲಯದ ದುಡಿಮೆಗಾರರ ಬಡಾವಣೆಗಳಲ್ಲಿ ಒಂದು ವಿಚಿತ್ರ ರೋಗ ಕಾಣಿಸಿತು. ಕಾರ್ಖಾನೆಯ ಉಪಯೋಗಕ್ಕೆಂದು ಅನಿಲೀನ್ ಬೆರೆಸಿ ತಿನ್ನಬಾರದಂತೆ ಮಾಡಿ ತರಿಸಿದ ರೇಪ್ ಬೀಜದ ಎಣ್ಣೆಯನ್ನು ಮತ್ತೆ ಶುದ್ಧಿಮಾಡುವ ನಾಟಕವಾಡಿ, ಆಲಿವ್ ಎಣ್ಣೆಯೆಂದು ಹೇಳಿ, ಲೇಬಲ್ಲೇ ಇಲ್ಲದ ೫ ಲೀಟರಿನ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಬೀದಿ ಬೀದಿ ತಿರುಗಿ ಮಾರಿದ್ದರು. ಸುಮಾರು ೨೦,೦೦೦ ಜನ ರೋಗಿಗಳಾದರು. ೩೦೦ಕ್ಕೂ ಹೆಚ್ಚು ಜನ ಸತ್ತರು. ಅಂಗಡಿಯ ಎಣ್ಣೆಗಿಂತ ಅದು ಅಗ್ಗವಾಗಿತ್ತು. ಕೊಂಡವರ ತಪ್ಪೆಂದರೆ ಅಷ್ಟೇ.

೧೯೮೮ರಲ್ಲಿ ಕಲಕತ್ತೆಯ ಬೆಹಾಲಾದಲ್ಲಿ ಮೊರಾಕ್ಕೋದ ಕಥೆಯೇ ಮರುಕಳಿಸಿತು. ಅಡುಗೆ ಎಣ್ಣೆಯಲ್ಲಿ ಅದೇ ಜಾತಿಯ ಕ್ರೆಸಿಲ್ ಫಾಸ್ಫೇಟ್ ಬೆರೆತು ನೂರಾರು ಜನ ಲಕ್ವ ಹೊಡೆದವರಂತಾದರು.

೧೯೯೮ರ ಆಗಸ್ಟಿನಲ್ಲಿ ದಿಲ್ಲಿಯ ಸರದಿ. ಹಳದಿ ಹೂವಿನ, ಮೈಯೆಲ್ಲ ಮುಳ್ಳಿನ ಅರಿಸಿನ ಉಮ್ಮತ್ತಿ ಗಿಡವನ್ನು ನಮ್ಮ ಊರ ಪಾಳು ನೆಲಗಳಲ್ಲೂ ಕಂಡಿದ್ದೀರಿ. ಅದರ ಬೀಜ ಸಾಸಿವೆಯನ್ನೇ ಹೋಲುತ್ತದೆ. ಅದರ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತು ಕಾಲುಗಳು ಊದಿ, ಏದುಸಿರು ಹತ್ತಿ, ಹೃದಯ ಸೋತು ೬೦ಕ್ಕೂ ಹೆಚ್ಚು ಜನ ಸತ್ತರು. ಸುಮಾರು ೩,೦೦೦ ಜನ ಆಸ್ಪತ್ರೆ ಸೇರಿದರು. ಆ ದುರಂತದ ಬೆನ್ನಲ್ಲೇ ಕೇಂದ್ರ ಸರಕಾರ ಅದೇ ವರ್ಷ ಖಾದ್ಯ ತೈಲವನ್ನು ಮುಚ್ಚಿದ ಪೊಟ್ಟಣದಲ್ಲೇ ಮಾರಬೇಕೆಂಬ ಆಜ್ಞೆ ಹೊರಡಿಸಿತು. ಈಗಿನ ನಿಯಮಾವಳಿಯಲ್ಲೂ ಪೊಟ್ಟಣ, ಗುರುತು, ಲೇಬಲ್ಲು ಇಲ್ಲದ ಎಣ್ಣೆಯ ಮಾರಾಟಕ್ಕೆ ನಿಷೇಧವಿದೆ. ರಾಜ್ಯ ಸರಕಾರ ವಿಶೇಷ ಆಜ್ಞೆಯಿಂದ ವಿನಾಯಿತಿ ಕೊಟ್ಟರೆ ಮಾತ್ರ ಬೇರೆ ಮಾತು.

ಈ ನಾಲ್ಕು ಊರುಗಳ ಭಾಷೆ ಬೇರೆ, ಎಣ್ಣೆ ಬೇರೆ. ಆದರೆ ಕಥೆಯ ಎಳೆ ಹೆಚ್ಚುಕಡಿಮೆ ಒಂದೇ. ಅಡುಗೆಗಲ್ಲದ ಎಣ್ಣೆ ಅಡುಗೆಯ ಎಣ್ಣೆಯೊಳಗೆ ನುಸುಳಿತು. ನೋಟದಿಂದಲೂ ವಾಸನೆಯಿಂದಲೂ ಅದು ಗುರುತಾಗಲಿಲ್ಲ. ಪೆಟ್ಟು ತಿಂದವರು ಕಾಸಿಗೆ ಕಾಸು ಎಣಿಸಿ ಕೊಳ್ಳುವ ನಮ್ಮಂಥ ಸಂಸಾರಿಗಳು.

ನಮ್ಮ ಚಾಳಿನಲ್ಲಿ, ನಮ್ಮ ಹೋಟೆಲಿನಲ್ಲಿ

ಈಗ ನಮ್ಮ ಬೀದಿಗೆ ಬರೋಣ. ಪಾತ್ರೆ ಒಯ್ದು ಕಾಲು ಲೀಟರು, ಅರ್ಧ ಲೀಟರು ಬಿಡಿ ಎಣ್ಣೆ ತರುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಕೈಯಲ್ಲಿ ದುಡ್ಡು ಕಡಿಮೆಯಿದ್ದಾಗ ಹಾಗೆ ಮಾಡಬೇಕಾಗುತ್ತದೆ, ಬೈದು ಪ್ರಯೋಜನವಿಲ್ಲ. ಆದರೆ ಸಣ್ಣ ಪೊಟ್ಟಣಗಳೂ ಈಗ ಸಿಗುತ್ತವೆ. ನಾಲ್ಕು ರೂಪಾಯಿ ಹೆಚ್ಚಾದರೂ ಮುಚ್ಚಿದ ಪೊಟ್ಟಣವನ್ನೇ ಕೊಳ್ಳಿ. ಒಂದೇ ಕೋಣೆಯಲ್ಲಿ ಐದಾರು ಮಂದಿ ಕೂಡಿ ಅಡುಗೆ ಮಾಡಿಕೊಳ್ಳುವವರು ಸೇರಿ ದೊಡ್ಡ ಡಬ್ಬಿ ತಂದರೆ ಬಿಡಿ ಎಣ್ಣೆಗಿಂತ ಅಗ್ಗವಾಗಿಯೇ ಬೀಳಬಹುದು.

ಎರಡನೆಯದು, ಕರಿದ ಎಣ್ಣೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳು ಕೂಡುತ್ತ ಹೋಗುತ್ತವೆ. ೨೦೧೮ರ ಜುಲೈ ೧ರಿಂದ ಅವುಗಳ ಪ್ರಮಾಣ ನೂರಕ್ಕೆ ೨೫ನ್ನು ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಕೂಡದೆಂದು ನಿಯಮವಾಗಿದೆ. ದಿನಕ್ಕೆ ೫೦ ಲೀಟರಿಗಿಂತ ಹೆಚ್ಚು ಕರಿಯುವ ಎಣ್ಣೆ ಬಳಸುವ ಹೋಟೆಲುಗಳು ಲೆಕ್ಕದ ಪುಸ್ತಕ ಇಟ್ಟು, ಉಳಿದ ಎಣ್ಣೆಯನ್ನು ಗೊತ್ತಾದ ಸಂಗ್ರಾಹಕರಿಗೆ ಕೊಡಬೇಕು. ಅದರಿಂದ ಬಯೋಡೀಸಲ್ ಮಾಡುತ್ತಾರೆ. ಅದು ಹಿಂಬಾಗಿಲಿನಿಂದ ಹೊರಟು ಬೀದಿಯ ಭಜಿಯ ಬಾಣಲೆ ಸೇರಬಾರದು. ಹೋಟೆಲಿನ ಹುಡುಗರು ಕರಿದ ಎಣ್ಣೆಯನ್ನು ಪುಕ್ಕಟೆ ಸಿಕ್ಕಿತೆಂದು ಕೋಣೆಗೆ ತರುವುದುಂಟು. ದಯವಿಟ್ಟು ತರಬೇಡಿ. ಪುಕ್ಕಟೆಯ ಎಣ್ಣೆಗೆ ವೈದ್ಯರು ಬಿಲ್ಲು ಮಾಡುತ್ತಾರೆ.

ಮೂರನೆಯದು, ಅಡುಗೆಮನೆಯ ಕೆಲಸಗಾರರಿಗೆ. ಮುಗಿದ ಬ್ರಾಂಡಿನ ಸೀಸೆಗೆ ಬೇರೆ ಎಣ್ಣೆ ತುಂಬಿಸೆಂದು ಮೇಲಿನವರು ಹೇಳಿದರೆ ಅದು ಬರಿಯ ಕೈಕೆಲಸವಲ್ಲ, ಲೇಬಲ್ಲಿನ ಸುಳ್ಳು ಎಂಬುದು ನೆನಪಿರಲಿ. ವಿನಯದಿಂದಲೇ "ಅಣ್ಣ, ಇದರ ಮೇಲೆ ಬೇರೆ ಹೆಸರಿನ ಚೀಟಿ ಅಂಟಿಸೋಣವೆ?" ಎಂದು ಕೇಳಬಹುದು. ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯ ಡಬ್ಬಿಯ ಮೇಲೆ ಮಾಡಿದ ದಿನಾಂಕ ಬರೆಯುವ ರೂಢಿಯನ್ನು ನೀವೇ ಆರಂಭಿಸಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಒಂದು ಪೆನ್ನು ಸಾಕು.

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆಯನ್ನೂ ಹೇಳಿಬಿಡುತ್ತೇನೆ. ಕೊಬ್ಬರಿ ಎಣ್ಣೆಯನ್ನು ಗಾಜಿನ ಲೋಟದಲ್ಲಿ ಹಾಕಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಮಂಜುಗಟ್ಟಿಸುವ ಖಾನೆಯಲ್ಲಿ ಬೇಡ. ಶುದ್ಧವಾದದ್ದು ಗಟ್ಟಿಯಾಗುತ್ತದೆ, ಬೇರೆ ಎಣ್ಣೆ ಬೆರೆತಿದ್ದರೆ ಅದು ಬೇರೆ ಪದರವಾಗಿ ಉಳಿಯುತ್ತದೆ. ಆದರೆ ಉಮ್ಮತ್ತಿಯ ಎಣ್ಣೆಯನ್ನಾಗಲಿ ಕ್ರೆಸಿಲ್ ಫಾಸ್ಫೇಟನ್ನಾಗಲಿ ಇಂಥ ಉಪಾಯ ತೋರಿಸುವುದಿಲ್ಲ. ಅದಕ್ಕೆ ಪ್ರಯೋಗಶಾಲೆಯೇ ಬೇಕು.

ಆ ಪ್ರಯೋಗಶಾಲೆಯ ಬಾಗಿಲು ನಮಗೂ ತೆರೆದಿದೆಯೆಂಬುದು ಬಹಳ ಮಂದಿಗೆ ತಿಳಿಯದು. ೨೦೦೬ರ ಕಾಯಿದೆಯ ೪೦ನೆಯ ಕಲಮಿನಂತೆ ಸಾಮಾನ್ಯ ಗಿರಾಕಿಯೂ ತಾನು ಕೊಂಡ ಪದಾರ್ಥವನ್ನು ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಅಂಗಡಿಯವನಿಗೆ ಆಗಲೇ ಹಾಗೆಂದು ತಿಳಿಸಬೇಕು. ಪದಾರ್ಥ ಕಾಯಿದೆಗೆ ವಿರುದ್ಧವೆಂದು ಕಂಡರೆ ಆ ಶುಲ್ಕ ವಾಪಸು ಸಿಗುತ್ತದೆ. ೬೫ನೆಯ ಕಲಮಿನಂತೆ, ಕೆಟ್ಟ ಆಹಾರದಿಂದ ಸಾವು ಸಂಭವಿಸಿದರೆ ೫ ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಪರಿಹಾರ ಕೊಡಿಸಬಹುದು. ಸಾವಿಗೆ ಕಾರಣನಾದ ವ್ಯಾಪಾರಿಗೆ ೭ ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗಿನ ಸಜೆಯೂ ಇದೆ. ಮಹಾರಾಷ್ಟ್ರದಲ್ಲಿ ದೂರು ಕೊಡಬೇಕಾದ ಸ್ಥಳ ರಾಜ್ಯ ಸರಕಾರದ ಅನ್ನ ಮತ್ತು ಔಷಧ ಆಡಳಿತ, ಎಲ್ಲರೂ ಎಫ್.ಡಿ.ಎ. ಎನ್ನುವ ಕಚೇರಿ. ಆದರೆ ದೂರಿಗೆ ಬೇರು ಬೇಕು. ರಸೀದಿ ಬೇಕು, ಪೊಟ್ಟಣ ಬೇಕು, ಅದರ ಮೇಲಿನ ಬ್ಯಾಚ್ ನಂಬರು ಬೇಕು. ಬಿಡಿ ಎಣ್ಣೆ ತಂದವನ ಕೈಯಲ್ಲಿ ಇವು ಒಂದೂ ಇರುವುದಿಲ್ಲ. ಹೆಸರಿಲ್ಲದ ಎಣ್ಣೆಯ ದೊಡ್ಡ ಕೇಡು ಇದೇ: ಅದು ಕೆಡುಕು ಮಾಡಿದ ಮೇಲೆ ಯಾರನ್ನೂ ಹಿಡಿದು ಕೇಳುವಂತಿಲ್ಲ.

ಕನ್ನಡ ಮಾತ್ರ ಬಲ್ಲ ನಮ್ಮ ಮನೆಯ ಹಿರಿಯರಿಗೂ ಹೊಸದಾಗಿ ಊರಿನಿಂದ ಬಂದ ಹುಡುಗರಿಗೂ ಇಂಗ್ಲಿಷ್, ಮರಾಠಿ ಲೇಬಲ್ಲು ಓದುವುದು ಕಷ್ಟ. ಇಲ್ಲಿ ನಾವು ಕೂಡಿ ಮಾಡಬಹುದಾದ ಕೆಲಸವಿದೆ. ಭಾನುವಾರ ಸಂಜೆ ವಾಚನಾಲಯಕ್ಕೆ ಬರುವಾಗ ಮನೆಯ ಎಣ್ಣೆಯ ಖಾಲಿ ಪೊಟ್ಟಣವೊಂದನ್ನು ತನ್ನಿ. ಓದಬಲ್ಲವರು ಓದಿ ಹೇಳಲಿ: ಯಾವ ಎಣ್ಣೆ, ಬೆರಕೆಯೆ, ಸುವಾಸನೆ ಸೇರಿದೆಯೆ, ಲೈಸೆನ್ಸ್ ನಂಬರು ಇದೆಯೆ, ಯಾವ ತಿಂಗಳೊಳಗೆ ಬಳಸಬೇಕು. ಪತ್ರಿಕೆ ಓದಿ ಹೇಳುವ ಪರಿಪಾಠ ಈ ಕೋಣೆಯಲ್ಲಿ ಮೊದಲಿನಿಂದಲೂ ಇದೆ. ಪೊಟ್ಟಣವನ್ನೂ ಓದಿ ಹೇಳೋಣ. ಕಾರ್ಯದರ್ಶಿಗಳು ಒಪ್ಪಿ, ಅದಕ್ಕಾಗಿ ಒಂದು ಮೇಜನ್ನು ಬಿಟ್ಟುಕೊಡುವುದಾಗಿ ಹೇಳಿದ್ದಾರೆ.